ಕಲ್ಕೆರೆ ಏರಿ ಮೇಲೊಂದು ಬೇಸಿಗೆ ಹಗಲು

ಈ ಸಂಚಿಕೆಯನ್ನು ನೀವು ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಕೊಂಡಿದ್ದರೆ ಒಂದು ಕ್ಷಣ ಕಾಲ ಕೆಳಗೆ ನೋಡಿ ಗೆಳೆಯರೇ. ನೀವು ನಿಂತಿರುವುದು ಕೆರೆಯ ಅಂಗಳದಲ್ಲಿ! ಧರ್ಮಾಂಬುಧಿ ಅಂತ ಅದರ ಹೆಸರು. ಒಂದು ಕಾಲದಲ್ಲಿ ಪೇಟೆಗೆ ಕುಡಿಯುವ ನೀರು ಕೊಟ್ಟ ಕೆರೆ. ನೀರು ಹೋಯಿತು, ಬಸ್ಸು ಬಂತು. ಪಕ್ಕದಲ್ಲಿದ್ದ ಟಾಕೀಸಿನ ಹೆಸರು ಇಡೀ ಏರಿಯಾಕ್ಕೆ ಅಂಟಿಕೊಂಡಿತು. ಈಗ ಆ ಟಾಕೀಸೂ ಇಲ್ಲ, ಹೆಸರು ಮಾತ್ರ ಉಳಿದಿದೆ.

ಇನ್ನೊಂದು ಕೇಳಿ. 2006ರ ಏಪ್ರಿಲ್‌ನಲ್ಲಿ ಅಣ್ಣಾವ್ರನ್ನು, 2021ರ ಅಕ್ಟೋಬರ್‌ನಲ್ಲಿ ಅಪ್ಪುವನ್ನು ಕೊನೇ ಸಲ ನೋಡೋದಕ್ಕೆ ಜನ ನುಗ್ಗಿದ್ದು ಕಂಠೀರವ ಸ್ಟೇಡಿಯಂಗೆ. ಅಪ್ಪು ದರ್ಶನಕ್ಕೆ ರಾತ್ರಿಯೆಲ್ಲ ಸಾಲಿನಲ್ಲಿ ನಿಂತವರಲ್ಲಿ ನಾನೂ ಒಬ್ಬ. ಅದು ಸಂಪಂಗಿ ಕೆರೆ ಇದ್ದ ಜಾಗ. ಅಭಿಮಾನಿಗಳ ಕಣ್ಣೀರು ಬಿದ್ದದ್ದೂ ಕೆರೆಗೇ ಅನ್ನಿ.

ಸತ್ತ ಕೆರೆಗಳ ಮಾತು ಸಾಕು. ಇನ್ನೂ ಉಸಿರಾಡುತ್ತಿರುವ ಎರಡು ಮೂರು ಕೆರೆ ತೋರಿಸ್ತೀನಿ, ಬನ್ನಿ.

ನಮ್ಮ ಹುಡುಗರಿಗೆ ಟ್ರಿಪ್ ಅಂದರೆ ಪಿಕ್ಚರ್ ನೋಡಿ ಎದ್ದ ಆಸೆ. ‘ಮುಂಗಾರು ಮಳೆ’ ಬಂದ ಮೇಲೆ ಜೋಗ, ‘ಶೋಲೆ’ ನೆನಪಾದರೆ ರಾಮನಗರದ ಬಂಡೆ, ಏನೂ ತೋಚದಿದ್ದರೆ ನಂದಿ ಬೆಟ್ಟ. ಏಪ್ರಿಲ್ ಭಾನುವಾರ ನಂದಿಗೆ ಹೋಗಿ ನೋಡಿ, ಮೊದಲ ದಿನದ ಮೊದಲ ಷೋಗೆ ಗೇಟಿನ ಮುಂದೆ ನಿಂತ ಹಾಗೆ ಇರುತ್ತೆ. ನಾನು ಇರುವುದು ರಾಮಮೂರ್ತಿ ನಗರದಲ್ಲಿ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಬರವಣಿಗೆ ನಂಬಿ ಬದುಕುವವನಿಗೆ ಜೇಬು ಎಷ್ಟು ಭಾರ ಇರುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ನನ್ನ ಬೇಸಿಗೆ ಟ್ರಿಪ್ ಎಲ್ಲಾ ಮನೆಯ ಹಿಂದುಗಡೆಗೇ.

ಹೊರಗಿನಿಂದ ಬರುವವರು ನೇರಳೆ ಮೆಟ್ರೋ ಹತ್ತಿ ಬೆನ್ನಿಗಾನಹಳ್ಳಿಯಲ್ಲಿ ಇಳಿಯಿರಿ. 2023ರ ಅಕ್ಟೋಬರ್‌ನಿಂದ ಈ ದಾರಿ ತೆರೆದಿದೆ. ಟಿನ್ ಫ್ಯಾಕ್ಟರಿ ಟ್ರಾಫಿಕ್ಕಿನ ಪಕ್ಕದಲ್ಲೇ ಬೆನ್ನಿಗಾನಹಳ್ಳಿ ಕೆರೆ ಇದೆ. ಹಾರನ್ನು ಕೇಳುತ್ತಾ ಕೆರೆ ನೋಡೋದು ನನ್ನಿಂದಾಗದು, ಮುಂದೆ ಹೋಗೋಣ. ಕೆ.ಆರ್. ಪುರದ ವೆಂಗಯ್ಯನ ಕೆರೆಯಲ್ಲಿ ನಡೆಯೋದಕ್ಕೆ ದಾರಿ ಮಾಡಿದ್ದಾರೆ, ಸಂಜೆ ಹೊತ್ತು ಮಕ್ಕಳಿಗೆ, ವಯಸ್ಸಾದವರಿಗೆ ಚೆನ್ನ. ಒಂದು ಇಡೀ ಹಗಲು ಕಳೆಯಬೇಕು ಅಂದರೆ ಮಾತ್ರ ಕಲ್ಕೆರೆಗೇ ಬರಬೇಕು.

ರಾಮಮೂರ್ತಿ ನಗರ ಮೇನ್ ರೋಡ್ ಹಿಡಿದು ಒಳಗೆ ಬಂದರೆ ಅಂಗಡಿ, ಬೇಕರಿ, ಚಾಟ್ಸ್ ಗಾಡಿ, ಮತ್ತೆ ಅಂಗಡಿ. ಕೆರೆ ಇಲ್ಲೆಲ್ಲೋ ಇದೆ ಅಂತ ನಂಬೋದೇ ಕಷ್ಟ. ಕಲ್ಕೆರೆ ಊರು ಬಂತು ಅನ್ನುವಾಗ ಗಾಳಿ ಬದಲಾಗುತ್ತದೆ. ಏರಿ ಹತ್ತಿ ನಿಂತರೆ... ಸ್ವಾಮಿ, ಸಿನಿಮಾಸ್ಕೋಪ್! ಆ ದಡ ಈ ದಡಕ್ಕೆ ಕಣ್ಣು ಓಡಾಡಬೇಕು. ಬೆಳಗ್ಗೆ ಏಳಕ್ಕೆ ಮುಂಚೆ ಬಂದರೆ ಹೆಜ್ಜಾರ್ಲೆ ಹಕ್ಕಿಗಳು ನೀರಿನ ಮೇಲೆ ವಿಮಾನದ ಹಾಗೆ ಇಳಿಯೋದು ಕಾಣುತ್ತೆ. ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸುತ್ತಾ ಕೂತಿರುತ್ತವೆ. ಹರಿಗೋಲಿನಲ್ಲಿ ಇಬ್ಬರು ಬಲೆ ಎಳೆಯುತ್ತಿದ್ದರೆ ಇಡೀ ಕೆರೆಯಲ್ಲಿ ಆ ಸದ್ದು ಒಂದೇ.

ಏಪ್ರಿಲ್‌ನಲ್ಲಿ ಇಷ್ಟು ನೀರು ಎಲ್ಲಿಂದ ಬಂತು ಅಂತ ನೀವು ಕೇಳಬೇಕು. ಮೊದಲ ಸಲ ಬಂದವರು ಯಾರೂ ಕೇಳೋದಿಲ್ಲ, ಫೋಟೋ ತೆಗೆಯುತ್ತಾರೆ. ಮಳೆ ನೀರಾದರೆ ಬೇಸಿಗೆಯಲ್ಲಿ ಇಳಿಯಬೇಕು. ಕೆರೆ ಅಂದರೆ ಹಾಗೇ ಅಲ್ವಾ, ಮಳೆಗಾಲದಲ್ಲಿ ತುಂಬೋದು, ಬೇಸಿಗೆಯಲ್ಲಿ ತಳ ಕಾಣೋದು. ಹೆಬ್ಬಾಳದ ಕೆರೆಯಿಂದ ನಾಗವಾರಕ್ಕೆ, ನಾಗವಾರದಿಂದ ಕಲ್ಕೆರೆಗೆ, ಇಲ್ಲಿಂದ ರಾಂಪುರಕ್ಕೆ, ಆಮೇಲೆ ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ. ಒಂದು ತುಂಬಿ ಕೋಡಿ ಬಿದ್ದರೆ ಮುಂದಿನದಕ್ಕೆ ನೀರು. ಹಿಂದಿನವರು ಕಟ್ಟಿದ ಸರಪಳಿ ಇದು. ಈಗ ಅದೇ ರಾಜಕಾಲುವೆಯಲ್ಲಿ ವರ್ಷಪೂರ್ತಿ ಬರೋದು ಊರು ತೊಳೆದು ಬಿಟ್ಟ ನೀರು. ನಾವು ನೀವು ಸ್ನಾನ ಮಾಡಿದ್ದು, ಪಾತ್ರೆ ತೊಳೆದದ್ದು, ಇನ್ನೂ ಏನೇನೋ. ಕಡೆಗೆ ಆ ತುಂಬಿದ ಕೆರೆಗೆ ಸೂರ್ಯ ಬಿದ್ದಾಗ ಬಂಗಾರ ಕಾಣುತ್ತೆ ನೋಡಿ, ಅದೇ ವಿಚಿತ್ರ.

2024ರ ಮಾರ್ಚ್ ನೆನಪಿದೆಯಾ? ಊರಿನ ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಬತ್ತಿವೆ ಅಂತ ಸರ್ಕಾರವೇ ಹೇಳಿತು. ನಮ್ಮ ಬೀದಿಯಲ್ಲಿ ಟ್ಯಾಂಕರ್ ಬಂದರೆ ರಾಜ್‌ಕುಮಾರ್ ಪಿಕ್ಚರ್ ರಿಲೀಸ್ ಆದಷ್ಟು ಗಲಾಟೆ. ಕೊಡ ಹಿಡಿದು ನಿಂತ ಅಕ್ಕಂದಿರ ಜಗಳ ಕೇಳುತ್ತಾ ನಾನು ಏರಿಗೆ ಬಂದರೆ ಇಲ್ಲಿ ಕೆರೆ ತುಂಬಿ ನಿಂತಿದೆ! ಒಂದು ಲೋಟ ಎತ್ತಿ ಕುಡಿಯುವ ಹಾಗಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು, ಊರಂಚಿನ 110 ಹಳ್ಳಿಗಳಿಗೆ ಅಂತ. ನೂರು ಕಿಲೋಮೀಟರ್ ದೂರದಿಂದ ನೀರು ಮೇಲೆತ್ತಿ ತರೋದು, ಬಳಸಿ ಕಲ್ಕೆರೆಗೆ ಬಿಡೋದು.

ಏರಿಯ ಮೇಲೆ ನನಗೆ ಒಬ್ಬ ತಾತ ಪರಿಚಯ. ಅವರ ಮನೆತನ ನೀರುಗಂಟಿಗಳದ್ದು. ನೀರುಗಂಟಿ ಅಂದರೆ ಕೆರೆಯ ತೂಬು ತೆಗೆದು ಯಾರ ಗದ್ದೆಗೆ ಎಷ್ಟು ನೀರು ಅಂತ ಬಿಡುವವನು. ಎಂಥಾ ಗೌಡರಾದರೂ ಅವನ ಮಾತು ಮೀರೋ ಹಾಗಿರಲಿಲ್ಲವಂತೆ. ಅಚ್ಚುಕಟ್ಟಿನ ಗದ್ದೆಯೆಲ್ಲ ಈಗ ಲೇಔಟು. ತಾತನ ಕೆಲಸವೂ ಹೋಯಿತು. ಆದರೂ ದಿನಾ ಬೆಳಗ್ಗೆ ಬಂದು ಕೂರುತ್ತಾರೆ.

ಹೋದ ಬೇಸಿಗೆ ಒಂದು ಭಾನುವಾರ. ಹತ್ತು ಗಂಟೆ ಬಿಸಿಲು. ಮೂರು ಜನ ಹುಡುಗರು ಬೈಕಿನಲ್ಲಿ ಬಂದರು. ಒಬ್ಬ ಮೊಬೈಲ್ ಹಿಡಿದು ಆಂಗಲ್ ನೋಡ್ತಿದ್ದಾನೆ, ಇನ್ನಿಬ್ಬರು ಅಂಗಿ ಬಿಚ್ಚಿ ನೀರಿಗೆ ಇಳಿಯೋಕೆ ರೆಡಿ. ಸ್ಲೋ ಮೋಷನ್‌ನಲ್ಲಿ ಹಾರೋ ರೀಲು ಬೇಕಂತೆ. ತಾತ ಕೂತಲ್ಲಿಂದಲೇ ಕೂಗಿದರು.

“ಲೋ, ಇಳೀಬೇಡ್ರೋ!”

“ಈಜು ಬರುತ್ತೆ ತಾತ.”

“ಈಜು ಬರೋರೇ ಹೋಗಿರೋದು ಕಣ್ರಪ್ಪಾ. ಬರ್‍ದೇ ಇರೋನು ಇಳಿಯೋದೇ ಇಲ್ಲ.”

ಹುಡುಗರು ನಕ್ಕರು. ತಾತ ನಗಲಿಲ್ಲ. ಎದ್ದು ಕೋಲೂರಿಕೊಂಡು ಅವರ ಹತ್ತಿರಕ್ಕೇ ಬಂದರು. “ನನ್ ಕಾಲದಾಗೆ ಈ ಕೆರೆ ತಳ ನನ್ ಅಂಗೈ ಇದ್ದಂಗೆ. ಪ್ರತಿ ಬ್ಯಾಸ್ಗೇಲೂ ರೈತ್ರು ಗಾಡಿ ಕಟ್ಕಂಡ್ ಬಂದು ಗೋಡು ಹೊಡ್ಕಂಡ್ ಹೋಗೋರು, ಹೊಲಕ್ಕೆ ಗೊಬ್ಬರ. ತಳ ತಟ್ಟೆ ಹಂಗೆ ಸಮ ಇರೋದು. ಎಲ್ಲಿ ಮೊಣಕಾಲುದ್ದ, ಎಲ್ಲಿ ಆಳುದ್ದ ಅಂತ ಹುಡುಗ್ರಿಗೂ ಗೊತ್ತು. ಈಗ ಜೇಸಿಬಿ ಇಳಿಸ್ತಾರೆ, ಒಂದ್ ಕಡೆ ಬಗೀತಾರೆ, ಒಂದ್ ಕಡೆ ಬಿಡ್ತಾರೆ. ನಾಲ್ಕ್ ಹೆಜ್ಜೆ ಮೊಣಕಾಲುದ್ದ ನೀರು, ಐದ್ನೇ ಹೆಜ್ಜೆ ಎರಡಾಳು ಗುಂಡಿ. ಕೆಳಗೆ ಕೆಸರು. ಅಂತರಗಂಗೆ ಬೇರು ಕಾಲಿಗೆ ಸುತ್ಕಂಡ್ರೆ ನಿಮ್ಮ ಈಜು ಏನ್ ಮಾಡ್ತದೆ? ನಂಗೇ ಗೊತ್ತಿಲ್ಲ ಈಗ ತಳ. ನಿಮಗೇನ್ ಗೊತ್ತು?”

ಒಬ್ಬನ ಮುಖ ಸಣ್ಣಗಾಯಿತು, ಅಂಗಿ ಹಾಕಿಕೊಂಡ. ಇನ್ನೊಬ್ಬನಿಗೆ ಸಿಟ್ಟು. “ಪಿಕ್ಚರಲ್ಲಿ ಹೀರೋ ಹಾರಲ್ವಾ ತಾತ?” ಅಂದ.

ಆ ಪ್ರಶ್ನೆಗೆ ತಾತನ ಹತ್ತಿರ ಉತ್ತರ ಇರಲಿಲ್ಲ, ನನ್ನ ಹತ್ತಿರ ಇತ್ತು. ಸಿನಿಮಾ ಪತ್ರಿಕೆಗೆ ಬರೆಯುವವನು ಮರೆಯೋ ಸಂಗತಿಯೇ ಅಲ್ಲ ಅದು. 2016ರ ನವೆಂಬರ್ 7. ಬೆಂಗಳೂರಿನ ಪಶ್ಚಿಮಕ್ಕೆ, ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಕ್ಲೈಮ್ಯಾಕ್ಸ್. ನಾಯಕ ದುನಿಯಾ ವಿಜಯ್, ಖಳರಾಗಿ ಅನಿಲ್ ಮತ್ತು ಉದಯ್. ಮೂವರೂ ಹೆಲಿಕಾಪ್ಟರ್‌ನಿಂದ ನೀರಿಗೆ ಹಾರಿದರು. ವಿಜಯ್ ಬದುಕಿ ಬಂದರು. ಅನಿಲ್, ಉದಯ್ ಬರಲಿಲ್ಲ. ಕಸರತ್ತು ಮಾಡಿ ಕಲ್ಲಿನ ಹಾಗೆ ಮೈ ಬೆಳೆಸಿದ ಹುಡುಗರು, ಕ್ಯಾಮರಾ ಮುಂದೆ, ಅಷ್ಟು ಜನರ ಕಣ್ಣೆದುರು ಮುಳುಗಿಹೋದರು. ಮುಂದಿನ ವರ್ಷ ಪಿಕ್ಚರ್ ರಿಲೀಸ್ ಆಯಿತು, ಅವರಿಬ್ಬರೂ ಅದನ್ನು ನೋಡಲಿಲ್ಲ.

ನಾನು ಇಷ್ಟು ಹೇಳುವ ಹೊತ್ತಿಗೆ ಮೊಬೈಲ್ ಹಿಡಿದಿದ್ದವನು ಅದನ್ನು ಜೇಬಿಗೆ ಹಾಕಿಕೊಂಡಿದ್ದ. ಸಿಟ್ಟಿನ ಹುಡುಗ ಒಂದು ಕಲ್ಲು ಎತ್ತಿ ನೀರಿಗೆ ಒಗೆದ. ಸುತ್ತಲಿದ್ದ ಬೆಳ್ಳಕ್ಕಿಗಳು ಎದ್ದವು. ಆಮೇಲೆ ಮೂವರೂ ತಾತನ ಪಕ್ಕದಲ್ಲಿ ಕೂತು ಕಡಲೆಕಾಯಿ ತಿಂದರು, ತೂಬು ಹೇಗೆ ತೆಗೆಯೋದು ಅಂತ ಕೇಳಿದರು. ನೀರಿನೊಳಕ್ಕೆ ಮುಳುಗಿ ಬಾಗಿಲು ಎತ್ತುತ್ತಿದ್ದದ್ದನ್ನು ತಾತ ಕೈ ಆಡಿಸಿ ತೋರಿಸಿದ್ದೇ ತೋರಿಸಿದ್ದು. ಆ ರೀಲನ್ನು ತೆಗೆಯೋದು ಅವರಲ್ಲಿ ಯಾರಿಗೂ ಹೊಳೆಯಲಿಲ್ಲ, ಪಾಪ.

ಕಲ್ಕೆರೆ ಆದ ಮೇಲೆ ರಾಂಪುರ. ಹತ್ತಿರವೇ. ನಾನು ಹೋದಾಗಲೆಲ್ಲ ಒಂದೊಂದು ವೇಷ. ಒಮ್ಮೆ ತೆರೆದ ನೀರು, ಒಮ್ಮೆ ದಡದಿಂದ ದಡಕ್ಕೆ ಅಂತರಗಂಗೆಯ ಹಸಿರು ಕಂಬಳಿ. ದೂರದಿಂದ ಗದ್ದೆ ಅಂದುಕೊಂಡು ಕಾಲಿಟ್ಟೀರಿ, ಜೋಕೆ. ವಾಸನೆ ಇದ್ದ ದಿನ ನಿಲ್ಲಬೇಡಿ.

ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ ಹೋಗಲು ಟಿ.ಸಿ. ಪಾಳ್ಯದ ರಸ್ತೆಯಲ್ಲಿ ಭಟ್ಟರಹಳ್ಳಿಗೆ ಬಂದು, ಹಳೇ ಮದ್ರಾಸು ರಸ್ತೆಯಲ್ಲಿ ಮೇಡಹಳ್ಳಿ ದಾಟಬೇಕು. ಹೊಸಕೋಟೆ ಬಸ್ಸು ಹತ್ತಿದವರಿಗೆ ಆವಲಹಳ್ಳಿಗೆ ಮುಂಚೆ ಕಿಟಕಿಯಲ್ಲೇ ಕಾಣುತ್ತೆ. ಕೋಲಾರದ ಕಡೆ ಹೋಗುವ ಎಷ್ಟು ಸಾವಿರ ಜನ ಇದನ್ನು ನೋಡಿಯೂ ಹೆಸರು ಕೇಳಿಲ್ಲವೋ! ವೀಳ್ಯದೆಲೆ ವ್ಯಾಪಾರದಲ್ಲಿ ದುಡಿದ ಶೆಟ್ಟರು ಆ ದುಡ್ಡು ಸುರಿದು ಜನರಿಗಾಗಿ ಕಟ್ಟಿಸಿದ ಕೆರೆ. ಎಲೆ ಮಾರಿದ್ದಕ್ಕೆ ಎಲೆ ಮಲ್ಲಪ್ಪ. ರಾಜರಲ್ಲ, ಪಾಳೆಗಾರರಲ್ಲ, ಕವಳೆ ಲೆಕ್ಕದಲ್ಲಿ ಎಲೆ ಎಣಿಸಿ ಮಾರಿದವರು. ಊರಿನ ಕಡೆಯಿಂದ ಬರುವ ಆ ಸರಪಳಿಯ ನೀರು ಇಲ್ಲಿ ತುಂಬಿ ದಕ್ಷಿಣ ಪಿನಾಕಿನಿ ಸೇರುತ್ತದೆ, ಆಮೇಲೆ ತಮಿಳುನಾಡು ದಾಟಿ ಕಡಲೂರಿನ ಹತ್ತಿರ ಸಮುದ್ರಕ್ಕೆ. ಇವತ್ತು ಇಲ್ಲೂ ಕೊಳಚೆ ನೀರು, ಇಲ್ಲೂ ಅಂತರಗಂಗೆ. ಆದರೂ ಲಾರಿಗಳಿಗೆ ಬೆನ್ನು ಹಾಕಿ ಕೂತರೆ ಕೊಕ್ಕರೆಗಳದ್ದೇ ರಾಜ್ಯ.

ಇನ್ನೂ ಮುಂದೆ ಹೋಗುವ ಮನಸ್ಸಿದ್ದರೆ ಹೊಸಕೋಟೆ ದೊಡ್ಡ ಕೆರೆ ಇದೆ. ಪಾಳೆಗಾರ ತಮ್ಮೇಗೌಡ ಕಟ್ಟಿಸಿದ್ದು. ಅದಕ್ಕೆ ಬೇರೆ ದಿನ ಬೇಕು. ಹೋಗಿ ಬಂದು ಎರಡು ಪ್ಲೇಟ್ ದಮ್ ಬಿರಿಯಾನಿ ತಿನ್ನದಿದ್ದರೆ ಹೊಸಕೋಟೆಯವರು ಕ್ಷಮಿಸೋಲ್ಲ.

ಹೊರಡುವವರಿಗೆ ಒಂದೆರಡು ಮಾತು. ಬೇಲಿ ಗೇಟು ಇರುವ ಕೆರೆಗಳನ್ನು ಮಧ್ಯಾಹ್ನ ಮುಚ್ಚುತ್ತಾರೆ, ಬೆಳಗ್ಗೆ ಅಥವಾ ಸಂಜೆ ಹೋಗಿ. ಕುಡಿಯೋ ನೀರು ಮನೆಯಿಂದಲೇ ತುಂಬಿಕೊಳ್ಳಿ. ಟೋಪಿ ಇರಲಿ. ಏರಿ ಮೇಲೆ ಬಾಟಲಿ ಒಡೆಯುವ ಗುಂಪು ಸಿಕ್ಕರೆ ಜಗಳ ಬೇಡ, ಹತ್ತು ಹೆಜ್ಜೆ ಆಚೆ ಜಾಗ ಬೇಕಾದಷ್ಟಿದೆ. ಮೀನು ಹಿಡಿಯುವವರು ದಡಕ್ಕೆ ಬರುವ ಹೊತ್ತಿಗೆ ಇದ್ದರೆ ಬಲೆ ಬಿಚ್ಚೋದು ನೋಡಿ. ಕಾಟ್ಲಾ, ರೋಹು, ಜಿಲೇಬಿ ಮೀನು. ನಾನು ನೋಡ್ತೀನಿ, ಕೊಳ್ಳೋದಿಲ್ಲ. ಆ ನೀರು ಎಲ್ಲಿಂದ ಬಂದದ್ದು ಅಂತ ಮೇಲೆ ಬರೆದಿದ್ದೀನಲ್ಲ. ತಾತ ಮಾತ್ರ ವಾರಕ್ಕೊಮ್ಮೆ ಒಂದು ಕಾಟ್ಲಾ ಕೊಂಡುಹೋಗುತ್ತಾರೆ. ಕೇಳಿದರೆ, “ನಮ್ ಕೆರೆ ಮೀನು ಕಣಪ್ಪಾ” ಅಂತಾರೆ.