ಸಸೂನ್ ಡಾಕಿನಲ್ಲಿ ಒಂದು ಮುಂಜಾನೆ

ಕರಾವಳಿಯಿಂದ ಮುಂಬಯಿಗೆ ಬಂದು ನೆಲೆಸಿದವರು ಊರನ್ನು ಬಿಟ್ಟಾರು, ಮೀನನ್ನು ಬಿಡಲಾರರು. ಅಂಧೇರಿಯಲ್ಲಿರಲಿ, ಮುಲುಂಡಿನಲ್ಲಿರಲಿ, ಆದಿತ್ಯವಾರ ಬಂತೆಂದರೆ ಚೀಲ ಹಿಡಿದು ಪೇಟೆಗೆ ಹೊರಡುವವರೇ. ನಾವೂ ಆ ಪೈಕಿ. ಆದರೂ ಈ ಮೀನು ನಗರಕ್ಕೆ ಬಂದಿಳಿಯುವ ಸ್ಥಳವನ್ನು ನಾವು ಕಣ್ಣಾರೆ ಕಂಡಿರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಶನಿವಾರ, ಅತ್ತಿಗೆಯನ್ನೂ ಮಕ್ಕಳನ್ನೂ ಕರೆದುಕೊಂಡು, ಮುಂಜಾವದ ಲೋಕಲಿನಲ್ಲಿ ಚರ್ಚ್‌ಗೇಟಿಗೆ ಬಂದು, ಅಲ್ಲಿಂದ ಟ್ಯಾಕ್ಸಿ ಹಿಡಿದು ಕೊಲಾಬಾದ ಸಸೂನ್ ಡಾಕನ್ನು ಸೇರಿದೆವು.

1875ರಲ್ಲಿ ಸಸೂನ್ ಮನೆತನದವರು ಸರಕಿನ ಹಡಗುಗಳಿಗಾಗಿ ಕಟ್ಟಿಸಿದ ಈ ಡಾಕು ಇಂದು ಮೀನಿನ ದೊಡ್ಡ ಬಂದರು. ಇನ್ನೂ ಕತ್ತಲೆ. ದೀಪದ ಬೆಳಕಿನಲ್ಲಿ ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಬುಟ್ಟಿಗಳು ಕೈಯಿಂದ ಕೈಗೆ ಹಾರಿ ದಡ ಸೇರುತ್ತಿದ್ದವು. ಒಂದು ಕಡೆ ಮಂಜುಗಡ್ಡೆ ಪುಡಿ ಮಾಡುವ ಸದ್ದು, ಇನ್ನೊಂದು ಕಡೆ ಲಿಲಾವಿನ ಕೂಗು. ಸಾಲಾಗಿ ಕುಳಿತು ಸಿಗಡಿ ಸುಲಿಯುವ ಹೆಂಗಸರ ಕೈಗಳ ವೇಗವನ್ನು ನೋಡಿದರೆ ಯಂತ್ರವೂ ನಾಚಬೇಕು. ಮಕ್ಕಳು ಮೂಗು ಮುಚ್ಚಿಕೊಂಡವು. ನಮಗೋ ಮಲ್ಪೆಯ ದಡದಲ್ಲಿ ನಿಂತಂತಾಯಿತು!

ಒಬ್ಬ ಕೋಳಿ ಹೆಂಗಸಿನ ಬುಟ್ಟಿಯಲ್ಲಿ ಬೆಳ್ಳಿಯ ತಟ್ಟೆಗಳಂತೆ ಮಾಂಜಿಗಳು ಹೊಳೆಯುತ್ತಿದ್ದವು. ಇಲ್ಲಿನವರು ಅದನ್ನು ಪಾಪ್ಲೆಟ್ ಎನ್ನುತ್ತಾರೆ. ಬೆಲೆ ಕೇಳಿ ಅತ್ತಿಗೆಯ ಮುಖ ಸಪ್ಪಗಾಯಿತು.

“ಮಾವಶಿ, ನಮ್ಮ ಕಡೆಯ ಪೇಟೆಯಲ್ಲಿ ಸಣ್ಣ ಸಣ್ಣವು ಅಗ್ಗಕ್ಕೆ ಸಿಗುತ್ತವೆ. ಇಡಿಯಾಗಿ ಕಾಯಿಸಲು ಚೆನ್ನಾಗಿರುತ್ತವೆ. ಅಂಥವು ಇಲ್ಲವೇ?” ಎಂದು ಅತ್ತಿಗೆ ತನ್ನ ಹರುಕು ಮರಾಠಿಯಲ್ಲಿ ಕೇಳಿದಳು.

ಆಕೆ ಕತ್ತಿಯನ್ನು ಕೆಳಗಿಟ್ಟು ನಮ್ಮನ್ನು ದಿಟ್ಟಿಸಿದಳು. “ಅದು ಮೀನಲ್ಲ ಬಾಯಿ, ಮೀನಿನ ಮಗು. ಮಗುವನ್ನೇ ತಿಂದರೆ ನಾಳೆ ನನ್ನ ಬುಟ್ಟಿಯಲ್ಲಿ ಏನಿರುತ್ತದೆ?” ಎಂದಳು.

ಈ ಮಾತು ನಮ್ಮನ್ನು ಮನೆಯ ತನಕ ಹಿಂಬಾಲಿಸಿತು. ವಿಚಾರಿಸಿ ನೋಡಿದೆವು. 2023ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರ ಸರಕಾರವು ಈ ಬೆಳ್ಳಿ ಮಾಂಜಿಯನ್ನು ರಾಜ್ಯದ ಮೀನೆಂದು ಸಾರಿತು. ಅದೇ ವರ್ಷ, ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಸಲಹೆಯಂತೆ, 54 ಜಾತಿಗಳಿಗೆ ಹಿಡಿಯಬಹುದಾದ ಕನಿಷ್ಠ ಅಳತೆಯನ್ನೂ ಗೊತ್ತುಮಾಡಿತು. ಮಾಂಜಿಗೆ 135 ಮಿಲಿಮೀಟರು, ಬೊಂಬಿಲಿಗೆ 180. ಮಗನ ಕಂಪಾಸು ಪೆಟ್ಟಿಗೆಯಿಂದ ಅಳತೆಪಟ್ಟಿಯನ್ನು ತೆಗೆದು, ಹಿಂದಿನ ವಾರ ತಂದು ಫ್ರಿಜ್ಜಿನಲ್ಲಿಟ್ಟಿದ್ದ ನಾಲ್ಕು ಮಾಂಜಿಗಳನ್ನು ಅಳೆದೆವು. ಒಂದು ಮಾತ್ರ ಪಾಸಾಯಿತು! ಉಳಿದವು ಹನ್ನೊಂದು ಸೆಂಟಿಮೀಟರನ್ನೂ ದಾಟಿರಲಿಲ್ಲ. ಎಷ್ಟು ವರ್ಷಗಳಿಂದ ಹೀಗೆ ತಿನ್ನುತ್ತಿದ್ದೆವೋ!

ಹಾಗಾದರೆ ಈ ಮರಿಗಳನ್ನು ಹಿಡಿಯುವುದೇಕೆ? ತಿಳಿಯಲೆಂದು ಮುಂದಿನ ಆದಿತ್ಯವಾರ ವರ್ಸೋವಾದ ಕೋಳಿವಾಡಕ್ಕೆ ಹೋದೆವು. ಬಿದಿರಿನ ಅಡ್ಡೆಗಳ ಮೇಲೆ ಬೊಂಬಿಲುಗಳು ಜೋಡಿಜೋಡಿಯಾಗಿ ಒಣಗುತ್ತಿದ್ದವು. ಪಕ್ಕದಲ್ಲಿ ‘ಡೋಲ್’ ಬಲೆಯನ್ನು ಹರಡಿಕೊಂಡು ಹಿರಿಯರೊಬ್ಬರು ಹೊಲಿಯುತ್ತಿದ್ದರು. ಇದು ದೊಡ್ಡ ಚೀಲದಂಥ ಬಲೆ. ಕಡಲಿನಲ್ಲಿ ಒಂದೆಡೆ ಕಟ್ಟಿಟ್ಟರೆ, ಭರತ ಇಳಿತದ ಸೆಳೆತವೇ ಮೀನನ್ನು ಒಳಗೆ ತಳ್ಳುತ್ತದೆ. ಬಾಯಿ ವಿಶಾಲ, ಬಾಲದ ಕಡೆ ಕಣ್ಣು ಬಹಳ ಸಣ್ಣದು.

“ಕಣ್ಣು ದೊಡ್ಡದು ಮಾಡಬಾರದೇ?” ಎಂದೆವು.

“ಮಾಡಿದರೆ ಜವಳಾ ಎಲ್ಲ ಹೊರಗೆ ಹೋಗುತ್ತದೆ. ನಮ್ಮ ಹೊಟ್ಟೆಗೆ?” ಎಂದರು ಅವರು.

ಜವಳಾ ಎಂದರೆ ಬೆರಳಿನ ಗೆಣ್ಣಿನಷ್ಟಿರುವ ಸಣ್ಣ ಸಿಗಡಿ. ಅದಕ್ಕೆಂದು ಕಟ್ಟಿದ ಬಲೆಗೆ ಮಾಂಜಿಯ ಮರಿ ಬೇಡವೆಂದರೂ ಬೀಳುತ್ತದೆ. ಬಿದ್ದ ಮೇಲೆ ಕಡಲಿಗೆ ಎಸೆದರೂ ಬದುಕುವುದು ಅಪರೂಪ. ಕಾನೂನು ಸರಿ, ಹೊಟ್ಟೆಯೂ ಸರಿ. ತೊಡಕು ಇಲ್ಲಿಯೇ ಇದೆ.

ಟ್ರಾಲರುಗಳ ಮಟ್ಟಿಗೆ ಉಪಾಯ ಸುಲಭ. ಸಾಮಾನ್ಯ ಬಲೆಯ ಕಣ್ಣು ಎಳೆತಕ್ಕೆ ಮುಚ್ಚಿಕೊಳ್ಳುತ್ತದೆ. ಚೌಕಾಕಾರದ ಕಣ್ಣಾದರೆ ತೆರೆದೇ ಇದ್ದು ಮರಿಗಳು ನುಸುಳಿಹೋಗುತ್ತವೆ. ಇಂಥ ತೊಂದರೆ ನಮ್ಮದೊಂದೇ ಅಲ್ಲ. ಅಮೆರಿಕದ ದಕ್ಷಿಣದ ಮೆಕ್ಸಿಕೋ ಕೊಲ್ಲಿಯಲ್ಲಿ, ನಮ್ಮ ಕೆಂಬೇರಿಯ ಬಳಗಕ್ಕೆ ಸೇರಿದ, ಬಂಡೆಗಳ ನಡುವೆ ಬದುಕುವ ರೆಡ್ ಸ್ನ್ಯಾಪರ್ ಮೀನಿನ ಸಂತತಿ ಕುಸಿದಿತ್ತು. ಅಲ್ಲಿಯೂ ಸಿಗಡಿಯ ಬಲೆಗೆ ಮರಿಗಳು ಬೀಳುತ್ತಿದ್ದವು. 1998ರಲ್ಲಿ ಆ ಬಲೆಗಳಲ್ಲಿ ಮರಿಗಳು ಪಾರಾಗುವ ಕಿಂಡಿಗಳನ್ನು ಕಡ್ಡಾಯಮಾಡಿದರು. 2007ರಿಂದ ವ್ಯಾಪಾರದ ದೋಣಿಯವರಿಗೆ ವರ್ಷಕ್ಕೆ ಇಷ್ಟೇ ಹಿಡಿಯಬೇಕೆಂದು ಪಾಲು ಹಂಚಿದರು. ಆ ಮೀನು ಈಗ ಚೇತರಿಸಿಕೊಳ್ಳುತ್ತಿದೆ.

ನಮ್ಮಲ್ಲಿ ಒಂದೇ ಬಲೆಗೆ ಹತ್ತಾರು ಜಾತಿ ಬೀಳುತ್ತದೆ, ನೂರಾರು ದಡಗಳಲ್ಲಿ ಇಳಿಯುತ್ತದೆ. ಅದನ್ನೆಲ್ಲ ತಕ್ಕಡಿಗೆ ಹಾಕಿ ಪಾಲು ಮಾಡುವುದು ಕಷ್ಟ. ಆದ್ದರಿಂದ ಇಲ್ಲಿನ ಮಿತಿ ಕಾಲದ್ದು, ಬಲೆಯದ್ದು, ಅಳತೆಯದ್ದು. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳಿಗೆ ರಜೆ. ಕೋಳಿಗಳಿಗೆ ಇದು ಹೊಸದಲ್ಲ. ನಾರಳಿ ಪೂರ್ಣಿಮೆಯಂದು ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಕಡಲಿಗಿಳಿಯುವ ಪದ್ಧತಿ ಅವರದು. ನಮ್ಮೂರಿನ ಮೊಗವೀರರೂ ಹಾಲು ತೆಂಗಿನಕಾಯಿಗಳಿಂದ ಸಮುದ್ರಪೂಜೆ ಮಾಡಿದ ಮೇಲೆಯೇ ಹೊರಡುವವರಲ್ಲವೇ? ಹಿರಿಯರ ಭಕ್ತಿಯಲ್ಲಿ ಲೆಕ್ಕಾಚಾರವೂ ಇತ್ತು.

ಡೋಲ್ ಬಲೆಯ ತೊಡಕನ್ನು ನಾವು ಬಿಡಿಸಲಾರೆವು. ಅದಕ್ಕೆ ಕೋಳಿಗಳೂ ವಿಜ್ಞಾನಿಗಳೂ ಸರಕಾರವೂ ಒಟ್ಟಿಗೆ ಕೂರಬೇಕು. ಆದರೆ ಮರಿಗೆ ಬೆಲೆ ಕಟ್ಟುವವರು ನಾವು. ಕೊಳ್ಳುವವರೇ ಇಲ್ಲವಾದರೆ, ಮರಿಗಳು ಹೆಚ್ಚಿರುವ ಜಾಗದಲ್ಲಿ ಬಲೆ ಕಟ್ಟುವ ಆಸೆಯೂ ತಗ್ಗೀತು.

ಈಗ ಅತ್ತಿಗೆಯ ಚೀಲದಲ್ಲಿ ಹಣದ ಪರ್ಸಿನ ಜೊತೆ ಮಗನ ಅಳತೆಪಟ್ಟಿಯೂ ಇರುತ್ತದೆ. ಪೇಟೆಯವರು ಮೊದಮೊದಲು ನಕ್ಕರು. ಮಾಂಜಿ ನಮ್ಮ ಮನೆಗೆ ಬರುವುದು ಈಗ ತಿಂಗಳಿಗೊಮ್ಮೆ. ಉಳಿದ ವಾರಗಳಿಗೆ ಬಂಗುಡೆ, ಬೂತಾಯಿ ಇದ್ದೇ ಇವೆ. ವಾಚಕರ ಮನೆಯಲ್ಲಿಯೂ ಶಾಲೆಗೆ ಹೋಗುವ ಮಕ್ಕಳಿರಬಹುದು. ಮುಂದಿನ ಆದಿತ್ಯವಾರ ಅವರ ಅಳತೆಪಟ್ಟಿಯನ್ನು ಒಂದು ಗಂಟೆಯ ಮಟ್ಟಿಗೆ ಸಾಲ ಕೇಳಿ ನೋಡಿ.