ಸಂಕಟಕ್ಕೆ ಯಾವ ಭಾಷೆ?

ಹೊಟ್ಟೆಪಾಡಿಗೆಂದು ಊರು ಬಿಟ್ಟು ಬಂದ ನಮ್ಮಂಥವರು ಪರಭಾಷೆಯಲ್ಲಿ ತರಕಾರಿ ಕೊಳ್ಳಬಲ್ಲೆವು, ಮನೆಬಾಡಿಗೆಯ ಚೌಕಾಶಿ ಮಾಡಬಲ್ಲೆವು, ಕಛೇರಿಯ ಕಡತದಲ್ಲಿ ಟಿಪ್ಪಣಿ ಬರೆದು ಮೇಲಧಿಕಾರಿಗಳಿಂದ ಶಹಬಾಸ್ ಎನ್ನಿಸಿಕೊಳ್ಳಲೂ ಬಲ್ಲೆವು. ಆದರೆ ಪರಭಾಷೆಯಲ್ಲಿ ಅಳಬಲ್ಲೆವೇ? ಚೆನ್ನೈಗೆ ಬಂದು ಹನ್ನೊಂದು ವರ್ಷಗಳಾದರೂ ಈ ಪ್ರಶ್ನೆ ನಮಗೆ ಹೊಳೆದಿರಲಿಲ್ಲ. ಅದನ್ನು ಹೊಳೆಯಿಸಿದವರು ಇಬ್ಬರು. ಒಬ್ಬರು ನಮ್ಮ ತಾಯಿ. ಇನ್ನೊಬ್ಬರು ಕೊರಿಯಾ ದೇಶದ ಒಬ್ಬ ಹೆಣ್ಣುಮಗಳು.

ಹೋದ ವರ್ಷ ನಮ್ಮ ತಂದೆಯವರು ತೀರಿಕೊಂಡರು. ಹದಿಮೂರು ದಿನಗಳ ಕಾರ್ಯವೆಲ್ಲ ಮುಗಿದ ಮೇಲೆ ತೀರ್ಥಹಳ್ಳಿಯ ಕಡೆಯ ಹಳ್ಳಿಮನೆಗೆ ಬೀಗ ಹಾಕಿ, ಹಸುವನ್ನು ನೆರೆಯವರಿಗೆ ಒಪ್ಪಿಸಿ, ತಾಯಿಯವರನ್ನು ಇಲ್ಲಿಗೆ ಕರೆತಂದೆವು. ಮಗನ ಕರ್ತವ್ಯ ಮಾಡಿದೆವೆಂದು ನಮಗೆ ಒಳಗೊಳಗೇ ಒಂದಿಷ್ಟು ಹೆಮ್ಮೆಯೂ ಇತ್ತೆನ್ನಿ. ಆದರೆ ಎರಡು ತಿಂಗಳಲ್ಲಿ ಅವರ ಊಟ ಕಾಲುಭಾಗವಾಯಿತು. ರಾತ್ರಿ ಎದ್ದು ಕುಳಿತು, “ಎದೆಯೊಳಗೆ ಸಂಕಟ ಕಣೋ” ಎನ್ನುತ್ತಿದ್ದರು.

ವೈದ್ಯರ ಬಳಿಗೆ ಹೋದೆವು. ಹೃದಯದ ಪರೀಕ್ಷೆ, ರಕ್ತದ ಪರೀಕ್ಷೆ, ಎಲ್ಲವೂ ಆದವು. ದೋಷವೇನೂ ಕಾಣಲಿಲ್ಲ. ಮನಸ್ಸಿನ ವೈದ್ಯರೊಬ್ಬರನ್ನು ಕಾಣುವುದು ಒಳ್ಳೆಯದೆಂದರು. ಆ ಮಹನೀಯರು ಸಜ್ಜನರೇ. ಆದರೆ ತಾಯಿ “ಸಂಕಟ” ಎಂದರೆ ಅವರಿಗೆ ಕೇಳಿಸಿದ್ದು ತಮಿಳಿನ “ಸಂಗಡಂ”. ಆ ಮಾತಿಗೆ ಇಲ್ಲಿಯವರು ಇರುಸುಮುರುಸು, ತೊಂದರೆ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ನಮ್ಮ ಸಂಕಟವೋ ಹೊಟ್ಟೆ ತೊಳಸುವುದರಿಂದ ಹಿಡಿದು ಜೀವ ಹಿಂಡುವವರೆಗೆ ಎಲ್ಲವನ್ನೂ ಒಳಗೊಂಡದ್ದು! ನಡುವೆ ದುಭಾಷಿಯಾಗಿ ಕುಳಿತವರು ನಾವೇ. ಮಗನ ಮುಂದೆ ತಾಯಿ ಏನು ಹೇಳಿಯಾರು? “ಏನಿಲ್ಲ, ಎಲ್ಲ ಚೆನ್ನಾಗಿದೆ ಅಂತ ಹೇಳು” ಎಂದುಬಿಟ್ಟರು. ನಾವೂ ಹಾಗೆಯೇ ಹೇಳಿ ಮನೆಗೆ ಬಂದೆವು.

ಈ ವೇಳೆಗೆ ನಮ್ಮ ಮನೆಯಾಕೆಗೆ ಮಕ್ಕಳ ಶಾಲೆಯ ಬಸ್ಸು ನಿಲ್ಲುವ ಕಡೆ ಕೊರಿಯಾದ ಆ ಹೆಣ್ಣುಮಗಳ ಪರಿಚಯವಾಗಿತ್ತು. ಶ್ರೀಪೆರಂಬುದೂರಿನ ಬಳಿ 1998ರಲ್ಲಿ ಹ್ಯುಂಡೈ ಕಾರುಗಳ ತಯಾರಿಕೆ ಮೊದಲಾದಂದಿನಿಂದ ಅವರ ದೇಶದ ಸಂಸಾರಗಳು ಈ ನಗರದಲ್ಲಿ ನೆಲಸುತ್ತ ಬಂದಿವೆಯಷ್ಟೆ. ಆಕೆಯ ಇಂಗ್ಲಿಷೂ ಕುಂಟು, ನಮ್ಮವಳದೂ ಕುಂಟು. ಕುಂಟುತ್ತ ಕುಂಟುತ್ತಲೇ ಸ್ನೇಹ ಬೆಳೆಯಿತು. ಆಕೆಯ ಒಪ್ಪಿಗೆ ಪಡೆದೇ ಈ ಸಂಗತಿಯನ್ನು ಬರೆಯುತ್ತಿದ್ದೇವೆ.

ಆಕೆಗೂ ಎದೆಯಲ್ಲಿ ಏನೋ ಗಟ್ಟಿಯಾಗಿ ಕುಳಿತಂತೆ, ಮೈಯೆಲ್ಲ ಬೆಂಕಿಯಾದಂತೆ ಆಗುತ್ತಿತ್ತಂತೆ. ಅವರ ಭಾಷೆಯಲ್ಲಿ ಇದಕ್ಕೆ “ಹ್ವಾಬ್ಯೊಂಗ್” ಎಂದು ಹೆಸರು. “ಹ್ವಾ” ಎಂದರೆ ಬೆಂಕಿ, “ಬ್ಯೊಂಗ್” ಎಂದರೆ ಬೇನೆ. ವರ್ಷಗಟ್ಟಲೆ ನುಂಗಿಕೊಂಡ ಸಿಟ್ಟು ದೇಹದಲ್ಲಿ ಉರಿಯಾಗಿ ಏಳುವುದಂತೆ. ಅಮೆರಿಕದ ಮನೋವೈದ್ಯರ ಸಂಘವು 1994ರಲ್ಲಿ ಹೊರತಂದ ಕೈಪಿಡಿಯಲ್ಲಿ ಈ ಬೇನೆಯನ್ನು ಕೊರಿಯನ್ ಹೆಸರಿನಿಂದಲೇ ದಾಖಲಿಸಿದ್ದಾರೆ. ಬೇರೆ ಹೆಸರಿನಿಂದ ಕರೆದರೆ ಅರ್ಥ ಸೋರಿಹೋಗುತ್ತದೆಂದು ಅವರಿಗೂ ತೋರಿರಬೇಕು.

ಕೊರಿಯನ್ ಬಲ್ಲ ಮನೋಚಿಕಿತ್ಸಕರಿಗಾಗಿ ಆಕೆ ಇಲ್ಲಿ ಹುಡುಕಿ ಸೋತು, ಕೊನೆಗೆ ಸೋಲ್ ನಗರದಲ್ಲಿದ್ದ ಒಬ್ಬರನ್ನು ಆನ್‌ಲೈನಿನಲ್ಲಿ ಹಿಡಿದರಂತೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದು. ಆದ್ದರಿಂದ ವಾರಕ್ಕೊಂದು ದಿನ ಮುಂಜಾನೆ ಆರೂವರೆಗೆ, ಅಲ್ಲಿ ಹತ್ತು ಗಂಟೆಯಾಗಿರುವಾಗ, ಬಾಗಿಲು ಹಾಕಿಕೊಂಡು ಕುಳಿತುಕೊಳ್ಳುವುದು. “ಮೊದಲ ದಿನ ನಾನು ಏನನ್ನೂ ವಿವರಿಸಬೇಕಾಗಲಿಲ್ಲ. ಅತ್ತೆ ಎಂದೆ, ಅವರಿಗೆ ತಿಳಿಯಿತು” ಎಂದರಂತೆ.

ಈ ಮಾತು ಕೇಳಿ ನಮ್ಮ ಕಣ್ಣು ತೆರೆಯಿತು. ಸಮುದ್ರದಾಚೆಯ ಸೋಲ್ ನಗರ ಆಕೆಗೆ ಹತ್ತಿರವಾಗಬಹುದಾದರೆ, ಸುಮಾರು 360 ಕಿಲೋಮೀಟರಿನ ಬೆಂಗಳೂರು ನಮಗೆ ದೂರವೇ?

ಗಾಬರಿಯಾದ ಒಂದು ರಾತ್ರಿ ಮೊದಲು 14416ಕ್ಕೆ ಕರೆ ಮಾಡಿದೆವು. ಇದು 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ “ಟೆಲಿ ಮಾನಸ್” ಸೇವೆ, ಹಗಲಿರುಳೂ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಅವರು ಸಮಾಧಾನ ಹೇಳಿ ದಾರಿ ತೋರಿಸಿದರು. ಆದರೆ ತಾಯಿಗೆ ಬೇಕಾದದ್ದು ವಾರವಾರವೂ ಅದೇ ಮುಖ, ಅದೇ ಕಂಠ. ವಿಚಾರಿಸುತ್ತ ಹೋದಾಗ ಮೈಸೂರಿನ ಕನ್ನಡತಿ ಮನಶ್ಶಾಸ್ತ್ರಜ್ಞೆಯೊಬ್ಬರು ದೊರೆತರು. ಗುಮಾಸ್ತರ ಬುದ್ಧಿ ಎಲ್ಲಿ ಹೋದೀತು? ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಅವರ ನೋಂದಣಿ ಉಂಟೇ ಎಂದು ಸಂಖ್ಯೆ ಸಹಿತ ನೋಡಿಯೇ ಮುಂದುವರಿದೆವು. ಅವರೂ ನಮ್ಮ ವಿಳಾಸವನ್ನೂ, ತುರ್ತಿಗೆಂದು ಹತ್ತಿರದವರೊಬ್ಬರ ಫೋನ್ ನಂಬರನ್ನೂ ಬರೆದುಕೊಂಡರು. ಪ್ರಾಣಾಪಾಯದ ಸೂಚನೆ ಕಂಡರೆ ಪರದೆಯನ್ನು ನಂಬಿ ಕೂರದೆ ಆಸ್ಪತ್ರೆಗೇ ಓಡಬೇಕೆಂದು ಮೊದಲೇ ಎಚ್ಚರಿಸಿದರು.

ತಾಯಿ ಸುಲಭವಾಗಿ ಒಪ್ಪಲಿಲ್ಲ. “ನನಗೇನು ಹುಚ್ಚೇ? ಗಾಜಿನೊಳಗಿನವರ ಹತ್ತಿರ ಎಂಥ ಮಾತು?” ಎಂದರು. ಆದರೆ ಪರದೆ ಬೆಳಗಿದೊಡನೆ ಆ ಕಡೆಯಿಂದ, “ಅಮ್ಮಾ, ಕಾಫಿ ಆಯ್ತಾ?” ಎಂಬ ಮಾತು ಬಂತು. ಅಷ್ಟೇ ಸಾಕಾಯಿತು. ಎರಡು ಕೋಣೆಯ ಮನೆ. ಮಾತು ಕಿವಿಗೆ ಬೀಳಬಾರದೆಂದು ನಾವು ಗಂಡಹೆಂಡಿರು ಮಕ್ಕಳನ್ನು ಕರೆದುಕೊಂಡು ಮಹಡಿಯ ಮೇಲೆ ಮುಕ್ಕಾಲು ಗಂಟೆ ಕುಳಿತೆವು. ಕೆಳಗಿಳಿದು ಬಂದಾಗ ತಾಯಿಯ ಕಣ್ಣು ಕೆಂಪಾಗಿತ್ತು. ಆ ರಾತ್ರಿ ಇನ್ನೊಂದು ಸೌಟು ಅನ್ನ ಕೇಳಿ ಹಾಕಿಸಿಕೊಂಡರು.

ಒಳಗೆ ನಡೆದ ಮಾತನ್ನು ಆ ವೈದ್ಯೆ ನಮಗೆ ತಿಳಿಸಲಿಲ್ಲ, ತಿಳಿಸತಕ್ಕದ್ದೂ ಅಲ್ಲ. ಏಳನೆಯ ವಾರ ತಾಯಿಯೇ ಹುರುಳಿಕಾಯಿಯ ನಾರು ತೆಗೆಯುತ್ತ, ತಲೆಯೆತ್ತದೆ ಹೇಳಿದರು: “ಮನೆಗೆ ಬೀಗ ಹಾಕುವಾಗ ನನ್ನನ್ನು ಒಂದು ಮಾತು ಕೇಳಬಾರದಾಗಿತ್ತೇನೋ? ಹಸುವನ್ನು ಕೊಡುವಾಗಲಾದರೂ? ನಿಮ್ಮಪ್ಪ ಹೋದದ್ದು ದೈವೇಚ್ಛೆ. ಉಳಿದದ್ದನ್ನೂ ಕಿತ್ತುಕೊಂಡವರು ನೀವು.”

ನಾವು ಏನೆಂದು ಉತ್ತರ ಹೇಳುವುದು? ಕರ್ತವ್ಯವೆಂದು ನಾವು ಬೀಗಿದ್ದೇ ಅವರ ಎದೆಯ ಬೆಂಕಿಯಾಗಿತ್ತು. ಅದೂ ಒಂದು ಹ್ವಾಬ್ಯೊಂಗ್ ಎನ್ನೋಣವೇ? ಅಂದು ಆ ವೈದ್ಯರ ಮುಂದೆ ದುಭಾಷಿಯಾಗಿ ಕುಳಿತಿದ್ದವನ ಮೇಲೆಯೇ ಆ ಸಿಟ್ಟು! ಅದು ನಮ್ಮ ಬಾಯಿಂದ ತಮಿಳಿಗೆ ತರ್ಜುಮೆಯಾಗಿ ಹೊರಬರುವುದು ಹೇಗೆ ಸಾಧ್ಯವಿತ್ತು? ತಪ್ಪಾಯಿತೆಂದೆವು. ಅವರು ಹುರುಳಿಕಾಯಿಯ ಬುಟ್ಟಿಯನ್ನು ನಮ್ಮ ಕಡೆ ಸರಿಸಿ, “ಅರ್ಧ ನೀನು ಮಾಡು” ಎಂದರು.

ನಮ್ಮ ಸಂಘದ ಬಂಧುಗಳಲ್ಲಿ ಅನೇಕರು ಹೀಗೆಯೇ ವೃದ್ಧ ತಂದೆತಾಯಿಯರನ್ನು ಊರಿನಿಂದ ಕರೆತಂದಿದ್ದಾರೆ. ಅವರು ಮೌನವಾಗಿದ್ದರೆ ನೆಮ್ಮದಿಯಾಗಿದ್ದಾರೆಂದು ತಿಳಿಯಬೇಡಿ. 2017ರ ಮಾನಸಿಕ ಆರೋಗ್ಯ ಕಾನೂನು ಕೂಡ ರೋಗಿಗೆ ತಿಳಿಸಬೇಕಾದ ವಿಷಯಗಳನ್ನು ಆತನಿಗೆ ಅರ್ಥವಾಗುವ ಭಾಷೆಯಲ್ಲೇ ತಿಳಿಸಬೇಕೆನ್ನುತ್ತದೆ. ಅವರ ಭಾಷೆಯ ಕಿವಿಯೊಂದನ್ನು ಹುಡುಕಿಕೊಡಿ. ಅದು ಪರದೆಯ ಆಚೆಯಿದ್ದರೂ ಚಿಂತೆಯಿಲ್ಲ.

ಬರುವ ಬೇಸಗೆಯಲ್ಲಿ ಊರಿನ ಮನೆ ತೆರೆಯುವುದೆಂದು ನಿಶ್ಚಯವಾಗಿದೆ. ಬೀಗದ ಕೈ ಈಗ ತಾಯಿಯವರ ಸೆರಗಿನ ಗಂಟಿನಲ್ಲಿದೆ.