ಟಿಕೆಟ್ ಇದೆ, ಸೀಟಿಲ್ಲ

ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರು ಮೊದಲು ಕೇಳುವುದು, "ಇಲ್ಲಿ ಎಷ್ಟು ಹಕ್ಕಿ ಇವೆ?" ಎಂದು. ಅದಕ್ಕಿಂತ "ಯಾಕೆ ಇಷ್ಟೇ ಇವೆ?" ಎಂದು ಕೇಳಿದರೆ ಹೆಚ್ಚು ಮಜಾ ಅಂತ ನನ್ನ ಅಂಬೋಣ. ಕಾವೇರಿಯಲ್ಲಿ ಮೀನಿದೆ. ಸುತ್ತಲಿನ ಗದ್ದೆಗಳಲ್ಲಿ ಕಪ್ಪೆ, ಏಡಿ, ಬಸವನಹುಳು ಇವೆ. ಊಟಕ್ಕೇನೂ ಬರವಿಲ್ಲ.

ಊಟದಲ್ಲಿ ಜಗಳವೂ ಕಡಿಮೆ. ಬಾಯ್ಕಳಕ ಕೊಕ್ಕರೆಗೆ ಬಸವನಹುಳುವೇ ಆಗಬೇಕು. ಹಾವಕ್ಕಿ ನೀರಿನೊಳಗೆ ಮುಳುಗಿ ಮೀನನ್ನು ಕೊಕ್ಕಿನಿಂದ ಇರಿಯುತ್ತದೆ. ಬಣ್ಣದ ಕೊಕ್ಕರೆ ಅರ್ಧ ಬಾಯಿ ತೆರೆದು ಕೊಕ್ಕನ್ನು ನೀರಿಗೆ ಅದ್ದಿರುತ್ತದೆ, ಏನಾದರೂ ತಗುಲಿದರೆ ಟಪ್ಪನೆ ಮುಚ್ಚುತ್ತದೆ. ಹೆಜ್ಜಾರ್ಲೆಯದು ಚೀಲ ತುಂಬಿಸುವ ಕಸುಬು. ಒಂದೇ ಮರದಲ್ಲಿ ಬಿಡಾರ, ಒಲೆ ಮಾತ್ರ ಬೇರೆ ಬೇರೆ.

ಹಾಗಾದರೆ ಕೊರತೆ ಯಾವುದಕ್ಕೆ? ಕೊಂಬೆಗೆ. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್ಕಿನಿಂದ ಹೊರಟ ಬಸ್ಸಿನ ಹಾಗೆ, ದುಡ್ಡು ಎಲ್ಲರ ಜೇಬಿನಲ್ಲೂ ಇದೆ, ಸೀಟಿಲ್ಲ. ಸುತ್ತ ನೀರಿದ್ದು ನಡುವೆ ಮರವಿರುವ ಜಾಗ ಎಲ್ಲೆಂದರಲ್ಲಿ ಸಿಗುವುದಿಲ್ಲ. ಹದಿನೇಳನೆಯ ಶತಮಾನದಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದಾಗಿ ಈ ತಿಟ್ಟುಗಳು ಎದ್ದವು. ಗದ್ದೆಗೆ ನೀರು ಹಾಯಿಸಲು ಹೊರಟವರು ಹಕ್ಕಿಗೂ ಮನೆ ಕಟ್ಟಿಸಿಬಿಟ್ಟರು! 1940ರಲ್ಲಿ ಸಲೀಂ ಅಲಿಯವರ ಮಾತಿಗೆ ಕಿವಿಗೊಟ್ಟು ಮೈಸೂರು ಸಂಸ್ಥಾನ ಇದನ್ನು ಪಕ್ಷಿಧಾಮ ಮಾಡಿತು. ಬೆಕ್ಕು, ನಾಯಿಗಳು ಈಜಿ ಬರದಂತೆ ಮೊಸಳೆಗಳ ಪಹರೆ ಬೇರೆ. ಪಹರೆಯೇನೂ ಪುಕ್ಕಟೆಯಲ್ಲ, ಗೂಡಿನಿಂದ ಜಾರಿ ನೀರಿಗೆ ಬಿದ್ದ ಮರಿಯೇ ಸಂಬಳ. ಇದರ ಮೇಲೆ ಮಳೆಗಾಲದಲ್ಲಿ ಕನ್ನಂಬಾಡಿಯ ಗೇಟು ಎತ್ತಿದರೆ ತಗ್ಗಿನ ಗೂಡುಗಳೆಲ್ಲ ನೀರುಪಾಲು. ಹಕ್ಕಿಯ ಸಂಸಾರ ಎಷ್ಟು ಬೆಳೆಯಬೇಕೆಂದು ಗೊತ್ತುಮಾಡುವವರಲ್ಲಿ ಎಂಜಿನಿಯರೂ ಒಬ್ಬ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಗೂಡಿನ ಕೆಳಗೆ ನೀರೂ ಇಲ್ಲ, ಮೊಸಳೆಯೂ ಇಲ್ಲ. ಹೆಜ್ಜಾರ್ಲೆಗಳು ಮನೆಗಳ ನಡುವಿನ ಹುಣಸೆಮರವನ್ನೇ ಹಿಡಿದು ಕೂರುತ್ತವೆ. ಅಲ್ಲಿ ಕಾವಲು ಊರಿನ ಜನರದೇ. ಹಿಕ್ಕೆ ಗೊಬ್ಬರವಾಗುತ್ತದೆ ನಿಜ, ಆದರೆ ಗೂಡಿರುವ ಮರದ ಹುಣಸೆಹಣ್ಣು ಕೈಗೆ ಹತ್ತುವುದಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು, 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಒಂದು ಹುಣಸೆಮರ ಉರುಳಿತೆಂದರೆ ಕೆರೆಯಲ್ಲಿ ಮೀನು ಕುಣಿದಾಡುತ್ತಿದ್ದರೂ ಅಷ್ಟು ಗೂಡು ಖೋತಾ.

ಅಡ್ಡಿಯೆಂದು ಕಂಡದ್ದನ್ನು ತೆಗೆದುಹಾಕಿದರೆ ಹಕ್ಕಿ ಹೆಚ್ಚುತ್ತದೆ ಎಂದು ನಂಬುವವರು ರಾಜಸ್ಥಾನದ ಭರತಪುರದ ಕಥೆ ಕೇಳಬೇಕು. ಕೇವಲಾದೇವ್ ಉದ್ಯಾನದಲ್ಲಿ 1982ರಲ್ಲಿ ಎಮ್ಮೆ ಮೇಯಿಸುವುದನ್ನು ನಿಲ್ಲಿಸಿದರು. ಮೇಯುವ ಬಾಯಿ ಹೋದದ್ದೇ ತಡ, ಹುಲ್ಲು ನೀರನ್ನೆಲ್ಲ ಮುಚ್ಚಿತು, ಬಾತುಗಳಿಗೆ ಈಜಲು ತೆರವೇ ಉಳಿಯಲಿಲ್ಲ. ವರ್ಷಗಟ್ಟಲೆ ಅಧ್ಯಯನ ಮಾಡಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ಕೊನೆಗೆ ಎಮ್ಮೆಯ ಪರವೇ ವಕಾಲತ್ತು ವಹಿಸಬೇಕಾಯಿತು.

ನಮ್ಮಲ್ಲಿ ಕೆರೆ ಅಭಿವೃದ್ಧಿಯೆಂದರೆ ಸುತ್ತ ನಡೆಯುವ ದಾರಿ, ಬಣ್ಣದ ಬೆಂಚು, ಅಂಚಿನ ಜೊಂಡು ಕಿತ್ತ ಸ್ವಚ್ಛತೆ. ಹೂಳೆತ್ತುವಾಗ ಒಂದಷ್ಟು ಮಣ್ಣನ್ನು ನಡುವೆ ಗುಡ್ಡೆ ಹಾಕಿ ನಾಲ್ಕು ಕರಿಜಾಲಿ ನೆಟ್ಟರೆ ಸಾಕು, ಬೆಳ್ಳಕ್ಕಿ, ನೀರುಕಾಗೆಗಳು ತಾವಾಗಿಯೇ ವಿಚಾರಿಸಿಕೊಂಡು ಬರುತ್ತವೆ. ಆದರೆ ಜಾಲಿಮರಕ್ಕೆ ರಿಬ್ಬನ್ ಕಟ್ಟಿ ಉದ್ಘಾಟನೆ ಮಾಡಲು ಮುಳ್ಳು ಬಿಡಬೇಕಲ್ಲ!